ಕೋಣೆಯೊಳಗೆ ಅಲೆ ಹಿಡಿದ ವಿಜ್ಞಾನಿ: ಹೆನ್ರಿಕ್ ಹರ್ಟ್ಸ್



ನಮ್ಮ ಮನೆಯ ಅಟ್ಟದ ಮೇಲೆ ಒಂದು ಹಳೇ ಟಿ.ವಿ. ಆಂಟೆನಾ ಬಿದ್ದಿದೆ. ಮೀನಿನ ಮುಳ್ಳಿನ ಹಾಗೆ ಮಧ್ಯೆ ಒಂದು ಉದ್ದ ಕೊಳವೆ, ಅದಕ್ಕೆ ಅಡ್ಡಡ್ಡ ಕಡ್ಡಿಗಳು. ನಮ್ಮಪ್ಪ ಹೈಸ್ಕೂಲಿನಲ್ಲಿದ್ದಾಗ ಅದನ್ನು ಬಿದಿರು ಗಳಕ್ಕೆ ಕಟ್ಟಿ ಹೆಂಚಿನ ಮೇಲೆ ನಿಲ್ಲಿಸಿದ್ದರಂತೆ. ಒಬ್ಬರು ಮೇಲೆ ಹತ್ತಿ ತಿರುಗಿಸುವುದು, ಇನ್ನೊಬ್ಬರು ಕಿಟಕಿ ಹತ್ತಿರ ನಿಂತು ಬಂತು, ಬಂತು, ಅಯ್ಯೋ ಹೋಯ್ತು ಅಂತ ಕೂಗುವುದು. ಭಾನುವಾರ ಬಂದರೆ ಅರ್ಧ ಊರಿಗೆ ಇದೇ ಕೆಲಸವಂತೆ.

ನನಗೆ ಆಂಟೆನಾ ಪರಿಚಯ ಆಗಿದ್ದು ಬೇರೆ ರೀತಿ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ರಜೆಗೆ ಬೆಂಗಳೂರಿನ ಚಿಕ್ಕಪ್ಪನ ಬಾಡಿಗೆ ಮನೆಗೆ ಹೋಗಿದ್ದೆ. ದೂರದರ್ಶನವು 2016ರಲ್ಲಿ ಬೆಂಗಳೂರೂ ಸೇರಿ 16 ನಗರಗಳಲ್ಲಿ ಡಿಜಿಟಲ್ ಪ್ರಸಾರವನ್ನು ಗೋಪುರದಿಂದ ನೇರವಾಗಿ ಕೊಡಲು ಶುರುಮಾಡಿತ್ತು. ಮನೆ ಓನರ್ ಮಾಳಿಗೆ ಮೇಲೆ ಏನೂ ಕಟ್ಟಬಾರದು ಅಂದಿದ್ದರಿಂದ ಚಿಕ್ಕಪ್ಪ ಒಳಗೇ ಇಡುವ ಪುಟ್ಟ ಆಂಟೆನಾ ತಂದಿದ್ದರು. ಟಿ.ವಿ. ಪಕ್ಕದಲ್ಲಿ ಕಬ್ಬಿಣದ ಬೀರು, ಬೀರುವಿಗೆ ಒರಗಿಸಿ ಆಂಟೆನಾ. ಚಿತ್ರ ಬಂದರೆ ಕನ್ನಡಿ ಹಾಗೆ ಬರುವುದು, ಇಲ್ಲದಿದ್ದರೆ ಚೌಕ ಚೌಕವಾಗಿ ಒಡೆದು ನಿಂತುಬಿಡುವುದು. ಸುದ್ದಿ ಓದುವವರ ಬಾಯಿ ತೆರೆದದ್ದು ತೆರೆದೇ ಇರುವುದು. ಒಂದು ದಿನ ಚಿಕ್ಕಮ್ಮ ಕಸ ಗುಡಿಸುವಾಗ ಆಂಟೆನಾವನ್ನು ಬೀರುವಿನಿಂದ ಒಂದು ಗೇಣು ಆಚೆ, ಕಿಟಕಿ ಕಡೆ ಸರಿಸಿದರು. ಆಮೇಲೆ ಚಿತ್ರ ಒಡೆಯಲೇ ಇಲ್ಲ. ಚಿಕ್ಕಪ್ಪ ಎಂಟು ದಿನ ಒದ್ದಾಡಿದ್ದರು. ಆ ಒಂದು ಗೇಣಿನಲ್ಲಿ ಏನಿದೆ ಅಂತ ನನಗೆ ಆಗ ಯಾರೂ ಹೇಳಲಿಲ್ಲ.

ಉತ್ತರ ಸಿಕ್ಕಿದ್ದು ಈ ವರ್ಷ, ಒಬ್ಬರ ಜೀವನ ಚರಿತ್ರೆ ಓದುವಾಗ. ಅವರು ಟಿ.ವಿ. ನೋಡಿದವರಲ್ಲ, ರೇಡಿಯೋವನ್ನೂ ಕೇಳಿದವರಲ್ಲ. ಎರಡೂ ಹುಟ್ಟುವ ಮೊದಲೇ, 36ನೇ ವಯಸ್ಸಿಗೆ, ತೀರಿಕೊಂಡರು. ಅವರೇ ಹೆನ್ರಿಕ್ ಹರ್ಟ್ಸ್.

ಹರ್ಟ್ಸ್ ಹುಟ್ಟಿದ್ದು 1857ರ ಫೆಬ್ರವರಿ 22ರಂದು, ಜರ್ಮನಿಯ ಹ್ಯಾಂಬರ್ಗ್ ಎಂಬ ಬಂದರು ಪಟ್ಟಣದಲ್ಲಿ. ತಂದೆ ಗುಸ್ತಾವ್ ವಕೀಲರು, ಮುಂದೆ ಆ ಊರಿನ ಸೆನೆಟರ್ ಆದರು. ತಾಯಿ ಅನ್ನಾ, ವೈದ್ಯರ ಮಗಳು. ಮೂವರು ತಮ್ಮಂದಿರು, ಒಬ್ಬಳು ತಂಗಿ. ಹುಡುಗ ಓದಿನಲ್ಲಿ ಚುರುಕು, ಭಾಷೆಗಳೆಂದರೆ ಇಷ್ಟ, ಅರೇಬಿಕ್ ಕೂಡ ಕಲಿತರು. ಆದರೆ ಪುಸ್ತಕದ ಹುಳು ಮಾತ್ರ ಅಲ್ಲ. ಮರಗೆಲಸ ಕಲಿತರು, ಚರಕಿಗೆ ಲೋಹ ಕೊಟ್ಟು ಕಡೆಯುವುದನ್ನು ಒಬ್ಬ ಕುಶಲಕರ್ಮಿಯ ಹತ್ತಿರ ಕಲಿತರು. ಮುಂದೆ ಹರ್ಟ್ಸ್ ಪ್ರೊಫೆಸರ್ ಆದರು ಅಂತ ತಾಯಿ ಹೇಳಿದಾಗ ಆ ಕುಶಲಕರ್ಮಿ ಬೇಜಾರು ಮಾಡಿಕೊಂಡರಂತೆ, ಎಂಥ ಒಳ್ಳೆ ಕಡೆಸಲುಗಾರ ಕೈತಪ್ಪಿಹೋದ ಎಂದು! ಈ ಕೈಕೆಲಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮೊದಲು ಅವರು ಎಂಜಿನಿಯರ್ ಆಗಬೇಕೆಂದಿದ್ದರು. ಫ್ರಾಂಕ್‌ಫರ್ಟ್‌ನಲ್ಲಿ ಒಂದು ವರ್ಷ ಕೆಲಸ ಕಲಿತು, ಡ್ರೆಸ್ಡೆನ್‌ನಲ್ಲಿ ಓದಿ, ಒಂದು ವರ್ಷ ಸೈನ್ಯದಲ್ಲಿ ಸೇವೆ ಮಾಡಿ, 1877ರಲ್ಲಿ ಮ್ಯೂನಿಕ್‌ಗೆ ಹೋದರು. ಅಲ್ಲಿಗೆ ಹೋದಮೇಲೆ ಮನಸ್ಸು ಎಳೆದಿದ್ದು ವಿಜ್ಞಾನದ ಕಡೆಗೆ. ಸಂಬಳ ಬರುವ ಎಂಜಿನಿಯರಿಂಗ್ ಬಿಡುವುದೋ ಬೇಡವೋ ಎಂದು ಬಹಳ ಯೋಚಿಸಿ ತಂದೆಗೆ ಕಾಗದ ಬರೆದು ಅಪ್ಪಣೆ ಕೇಳಿದರು. ತಂದೆ ಒಪ್ಪಿದರು. ಮನೆಗೆ ಕಾಗದ ಬರೆಯುವುದನ್ನು ಹರ್ಟ್ಸ್ ಕೊನೆಯವರೆಗೂ ಬಿಡಲಿಲ್ಲ. ಅವರ ಕಾಗದಗಳನ್ನೂ ದಿನಚರಿಯನ್ನೂ ಮಗಳು ಯೊಹಾನಾ 1927ರಲ್ಲಿ ಪುಸ್ತಕ ಮಾಡಿದ್ದರಿಂದಲೇ ನಮಗೆ ಇಷ್ಟೆಲ್ಲ ವಿವರ ಗೊತ್ತು.

1878ರಲ್ಲಿ ಬರ್ಲಿನ್‌ಗೆ ಹೋಗಿ ಹೆಲ್ಮ್‌ಹೋಲ್ಟ್ಸ್ ಎಂಬ ಪ್ರಸಿದ್ಧ ಗುರುಗಳ ಶಿಷ್ಯರಾದರು. ಮರುವರ್ಷವೇ ಒಂದು ಸ್ಪರ್ಧೆಯಲ್ಲಿ ಚಿನ್ನದ ಪದಕ ಗೆದ್ದರು. ಅದೇ 1879ರಲ್ಲಿ ಬರ್ಲಿನ್ ಅಕಾಡೆಮಿ ಒಂದು ದೊಡ್ಡ ಬಹುಮಾನದ ಪ್ರಶ್ನೆ ಇಟ್ಟಿತು. ಪ್ರಶ್ನೆಯ ಹಿಂದೆ ಇದ್ದವರು ಮ್ಯಾಕ್ಸ್‌ವೆಲ್ ಎಂಬ ಸ್ಕಾಟ್ಲೆಂಡಿನ ಗಣಿತಜ್ಞ. ವಿದ್ಯುತ್ತು ಮತ್ತು ಕಾಂತತ್ವ ಸೇರಿ ಅಲೆಗಳಾಗಿ ಖಾಲಿ ಜಾಗದಲ್ಲೂ ಹೋಗಬಲ್ಲವು, ಅವುಗಳ ವೇಗ ಬೆಳಕಿನ ವೇಗವೇ, ಬೆಳಕೂ ಅಂಥದ್ದೇ ಒಂದು ಅಲೆ, ಎಂದು ಅವರು 1860ರ ದಶಕದಲ್ಲಿ ಲೆಕ್ಕದಲ್ಲಿ ತೋರಿಸಿದ್ದರು. ಬರೀ ಲೆಕ್ಕದಲ್ಲಿ! ಅಂಥ ಅಲೆಯನ್ನು ಮಾಡಿದವರೂ ಇಲ್ಲ, ಹಿಡಿದವರೂ ಇಲ್ಲ. ಜರ್ಮನಿಯ ಬಹಳ ವಿದ್ವಾಂಸರಿಗೆ ನಂಬಿಕೆಯೂ ಇರಲಿಲ್ಲ. ಅಕಾಡೆಮಿ ಇದರ ಒಂದು ಭಾಗವನ್ನು ಪ್ರಯೋಗದಿಂದ ಪರೀಕ್ಷೆ ಮಾಡಿ ತೋರಿಸಿ ಅಂತ ಕೇಳಿತು. ನೀನು ಮಾಡಪ್ಪ ಅಂತ ಗುರುಗಳು ಹರ್ಟ್ಸ್‌ಗೆ ಸೂಚಿಸಿದರು. ಹರ್ಟ್ಸ್ ಲೆಕ್ಕ ಹಾಕಿ ನೋಡಿ, ಸಾಕಷ್ಟು ವೇಗವಾಗಿ ವಿದ್ಯುತ್ತನ್ನು ಅಲ್ಲಾಡಿಸುವ ಸಾಧನ ಸದ್ಯಕ್ಕೆ ಯಾರಲ್ಲೂ ಇಲ್ಲ ಎಂದು ಬಿಟ್ಟುಬಿಟ್ಟರು. ಆದರೆ ಮರೆಯಲಿಲ್ಲ.

ನಡುವಿನ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. 1880ರಲ್ಲಿ ಡಾಕ್ಟರೇಟ್ ಸಿಕ್ಕಿತು. 1883ರವರೆಗೆ ಗುರುಗಳ ಹತ್ತಿರ ಸಹಾಯಕ, ಆಮೇಲೆ ಕೀಲ್ ಊರಿನಲ್ಲಿ ಅಧ್ಯಾಪಕ. ಅಲ್ಲಿ ಸರಿಯಾದ ಪ್ರಯೋಗಶಾಲೆ ಇರಲಿಲ್ಲ, ಕಾಗದ ಪೆನ್ನೇ ಗತಿ. 1885ರಲ್ಲಿ ಕಾರ್ಲ್ಸ್‌ರೂಹ ಎಂಬ ಊರಿನ ತಾಂತ್ರಿಕ ಕಾಲೇಜಿಗೆ ಪ್ರೊಫೆಸರ್ ಆಗಿ ಹೋದರು. ಅಲ್ಲಿ ಸಾಮಾನುಗಳಿದ್ದವು. 1886ರಲ್ಲಿ ಸಹೋದ್ಯೋಗಿಯೊಬ್ಬರ ಮಗಳು ಎಲಿಸಬೆತ್ ಡಾಲ್ ಅವರ ಜೊತೆ ಮದುವೆಯಾಯಿತು.

ಅದೇ ವರ್ಷ, ಮದುವೆಯಾದ ಕೆಲವು ತಿಂಗಳಿಗೆ, ಕಾಲೇಜಿನ ಸಾಮಾನುಗಳ ನಡುವೆ ಇದ್ದ ಎರಡು ಚಪ್ಪಟೆ ಸುರುಳಿಗಳನ್ನು ಇಟ್ಟುಕೊಂಡು ಹರ್ಟ್ಸ್ ಏನೋ ನೋಡುತ್ತಿದ್ದರು. ಒಂದು ಸುರುಳಿಯಲ್ಲಿ ಕಿಡಿ ಹಾರಿದಾಗ, ಅದಕ್ಕೆ ತಾಗದೇ ಇರುವ ಇನ್ನೊಂದು ಸುರುಳಿಯಲ್ಲೂ ಕಿಡಿ ಹಾರಿತು. ದೊಡ್ಡ ಕಿಡಿಯೇನೂ ಬೇಕಾಗಿರಲಿಲ್ಲ, ಸಣ್ಣ ಕಿಡಿಯೂ ಸಾಕಾಗಿತ್ತು. ಬೇರೆಯವರಾಗಿದ್ದರೆ ಚೆನ್ನಾಗಿದೆ ಅಂತ ಮುಂದೆ ಹೋಗುತ್ತಿದ್ದರೇನೋ. ಇವರಿಗೆ ಏಳು ವರ್ಷದ ಹಿಂದಿನ ಪ್ರಶ್ನೆ ನೆನಪಾಯಿತು. ಕಿಡಿ ಹಾರುವ ಕ್ಷಣದಲ್ಲಿ ವಿದ್ಯುತ್ತು ಒಂದೇ ಸಲ ದಾಟಿ ಸುಮ್ಮನಾಗುವುದಿಲ್ಲ. ಉಯ್ಯಾಲೆಯ ಹಾಗೆ ಆ ತುದಿಗೂ ಈ ತುದಿಗೂ ಕೋಟಿಗಟ್ಟಲೆ ಸಲದ ವೇಗದಲ್ಲಿ ಓಲಾಡುತ್ತದೆ. ಯಾರಲ್ಲೂ ಇಲ್ಲ ಅಂದುಕೊಂಡಿದ್ದ ಸಾಧನ ಇದೇ.

ಅವರು ಮಾಡಿದ ಯಂತ್ರ ನೋಡಿದರೆ ಆಶ್ಚರ್ಯ ಆಗುತ್ತೆ, ಅಷ್ಟು ಸರಳ. ಒಂದು ತಾಮ್ರದ ತಂತಿ, ಅದರ ಎರಡು ತುದಿಗೆ ಲೋಹದ ಗುಂಡು ಅಥವಾ ತಟ್ಟೆ, ತಂತಿಯ ನಡುವೆ ಒಂದು ಸಣ್ಣ ಸಂದು. ಸಂದಿಗೆ ಜೋರು ವಿದ್ಯುತ್ತು ಕೊಟ್ಟರೆ ಕಿಡಿ. ಇದು ಅಲೆ ಕಳಿಸುವ ಆಂಟೆನಾ. ಹಿಡಿಯುವ ಆಂಟೆನಾ ಇನ್ನೂ ಸರಳ: ಬಳೆಯಂತೆ ಬಗ್ಗಿಸಿದ ತಂತಿ, ಅದರ ಎರಡು ತುದಿಗಳ ನಡುವೆ ಕೂದಲೆಳೆಯಷ್ಟು ಸಂದು. ಅಲೆ ಬಂದು ತಾಗಿದರೆ ಆ ಸಂದಿನಲ್ಲಿ ಕಿಡಿ ಹಾರಬೇಕು. ಬ್ಯಾಟರಿ ಇಲ್ಲ, ಏನೂ ಇಲ್ಲ. ಆ ಕಿಡಿ ಒಂದು ಮಿಲಿಮೀಟರಿನ ನೂರರಲ್ಲಿ ಕೆಲವು ಪಾಲು ಮಾತ್ರ ಉದ್ದ. ಕತ್ತಲು ಕೋಣೆಯಲ್ಲಿ ಕಣ್ಣು ಹೊಂದಿಸಿಕೊಂಡು ನೋಡಬೇಕು. ಸಂದನ್ನು ಹಿಗ್ಗಿಸಿ ಕುಗ್ಗಿಸಲು ನಯವಾದ ತಿರುಪು ಬೇಕು. ಇಲ್ಲೇ ನೋಡಿ, ಹುಡುಗನಾಗಿದ್ದಾಗ ಕಲಿತ ಕಡೆಸಲು ಕೆಲಸ ಉಪಯೋಗಕ್ಕೆ ಬಂದಿದ್ದು.

ಈ ಕಿಡಿ ಸರಿಯಾಗಿ ಕಾಣಲಿ ಅಂತ ಒಮ್ಮೆ ಅದಕ್ಕೆ ಕತ್ತಲು ಪೆಟ್ಟಿಗೆ ಮುಚ್ಚಿದರು. ಕಿಡಿ ಇನ್ನೂ ಚಿಕ್ಕದಾಯಿತು! ಯಾಕೆ ಎಂದು ತಿಂಗಳುಗಟ್ಟಲೆ ಹುಡುಕಿದರು. ದೊಡ್ಡ ಕಿಡಿಯಿಂದ ಬರುವ ನೇರಳಾತೀತ ಬೆಳಕು ಸಣ್ಣ ಕಿಡಿಗೆ ಸಹಾಯ ಮಾಡುತ್ತಿತ್ತು, ಪೆಟ್ಟಿಗೆ ಅದನ್ನು ತಡೆಯುತ್ತಿತ್ತು. 1887ರಲ್ಲಿ ಅದನ್ನು ಬರೆದು ಪ್ರಕಟಿಸಿ, ವಿವರಣೆ ಕೊಡಲು ಹೋಗದೆ ತಮ್ಮ ಕೆಲಸಕ್ಕೆ ಮರಳಿದರು. ಇದೇ ಮುಂದೆ ದ್ಯುತಿವಿದ್ಯುತ್ ಪರಿಣಾಮ ಅಂತ ಹೆಸರಾಗಿ, ಐನ್‌ಸ್ಟೈನ್ 1905ರಲ್ಲಿ ವಿವರಿಸಿ, 1921ರ ನೊಬೆಲ್ ಪಡೆದರು. ಹರ್ಟ್ಸ್‌ಗೆ ಅದು ದಾರಿಯಲ್ಲಿ ಸಿಕ್ಕ ಕಲ್ಲು.

ಈಗ ನಮ್ಮ ಚಿಕ್ಕಪ್ಪನ ಬೀರುವಿನ ವಿಷಯಕ್ಕೆ ಬರೋಣ. 1888ರ ಮಾರ್ಚ್ ತಿಂಗಳು. ಕಿಡಿ ದೂರದಲ್ಲೂ ಹಾರುತ್ತೆ ಅಂತ ತೋರಿಸಿದರೆ ಸಾಲದು, ಅದು ಅಲೆ ಎಂದು ಸಾಬೀತು ಮಾಡಬೇಕು. ಕೆರೆ ಏರಿಯ ಕಲ್ಲಿಗೆ ಬಡಿದು ವಾಪಸು ಬರುವ ಅಲೆ, ಹೊಸದಾಗಿ ಬರುವ ಅಲೆಗೆ ಸೇರಿದಾಗ ಕೆಲವು ಕಡೆ ನೀರು ಜೋರಾಗಿ ಕುಣಿಯುತ್ತೆ, ಕೆಲವು ಕಡೆ ಸುಮ್ಮನೆ ನಿಲ್ಲುತ್ತೆ, ನೋಡಿದ್ದೀರಲ್ಲ? ಹಾಗೆಯೇ ಗಾಳಿಯಲ್ಲೂ ಜೋರು ಜಾಗ, ಸುಮ್ಮನಿರುವ ಜಾಗ ಇರಬೇಕು. ಹರ್ಟ್ಸ್ ಇದಕ್ಕೆ ಆರಿಸಿಕೊಂಡಿದ್ದು ಕಾಲೇಜಿನ ಉಪನ್ಯಾಸದ ಹಾಲ್. 15 ಮೀಟರ್ ಉದ್ದ, 14 ಮೀಟರ್ ಅಗಲ, 6 ಮೀಟರ್ ಎತ್ತರ. ಲೋಹದ ಸಾಮಾನು ಅಲೆಯನ್ನು ಕೆಡಿಸುತ್ತೆ ಅಂತ ನೇತುಹಾಕಿದ್ದ ದೀಪಗುಚ್ಛ, ಗ್ಯಾಸ್ ಕೊಳವೆ ಎಲ್ಲ ಬಿಚ್ಚಿಸಿದರು. ಒಂದು ಗೋಡೆಗೆ 4 ಮೀಟರ್ ಎತ್ತರ, 2 ಮೀಟರ್ ಅಗಲದ ಸತುವಿನ ತಗಡು ಹೊಡೆಸಿದರು. 13 ಮೀಟರ್ ದೂರದಲ್ಲಿ ಕಿಡಿಯಂತ್ರ ಇಟ್ಟು, ಬಳೆ ಹಿಡಿದುಕೊಂಡು ಕತ್ತಲಲ್ಲಿ ಹೆಜ್ಜೆ ಹೆಜ್ಜೆಗೂ ಕಿಡಿ ನೋಡುತ್ತಾ ನಡೆದರು. ತಗಡಿಗೆ ತೀರ ಹತ್ತಿರ ಹೋದರೆ ಬಲವೇ ಇಲ್ಲ. ಸ್ವಲ್ಪ ಹಿಂದೆ ಬಂದರೆ ಹೆಚ್ಚುತ್ತೆ. ಇನ್ನೂ ಹಿಂದೆ ಬಂದರೆ ಕಡಿಮೆಯಾಗಿ ಹೋಗುತ್ತೆ. ಮತ್ತೆ ಹೆಚ್ಚುತ್ತೆ. ಅಲೆಯೇ! ಅಳೆದರೆ ಒಂದು ಅಲೆಯ ಉದ್ದ ಒಂಬತ್ತೂವರೆ ಮೀಟರ್ ಆಸುಪಾಸು ಬಂತು.

ಆ ಸತುವಿನ ತಗಡಿನ ಜಾಗದಲ್ಲಿ ಚಿಕ್ಕಪ್ಪನ ಬೀರು ಇಟ್ಟುಕೊಳ್ಳಿ. ಗೋಪುರದಿಂದ ಬಂದ ಅಲೆ ಬೀರುವಿಗೆ ಬಡಿದು ಹಿಂದಕ್ಕೆ ಬರುತ್ತೆ, ಬೀರುವಿಗೆ ಅಂಟಿಕೊಂಡ ಜಾಗದಲ್ಲಿ ಬಲ ಇರುವುದಿಲ್ಲ. ಟಿ.ವಿ.ಯ ಯು.ಎಚ್.ಎಫ್. ಅಲೆ ಸೆಕೆಂಡಿಗೆ ಸುಮಾರು 50 ಕೋಟಿ ಸಲ ಓಲಾಡುವಂಥದ್ದು, ಅಂದರೆ ಒಂದು ಅಲೆ 60 ಸೆಂಟಿಮೀಟರ್. ಸುಮ್ಮನಿರುವ ಜಾಗದಿಂದ ಜೋರು ಜಾಗಕ್ಕೆ ಅಲೆಯ ಕಾಲು ಭಾಗ, 15 ಸೆಂಟಿಮೀಟರ್. ಒಂದು ಗೇಣಿಗೂ ಕಡಿಮೆ! ಚಿಕ್ಕಮ್ಮನ ಪೊರಕೆ ಮಾಡಿದ್ದು ಇಷ್ಟೇ. ಕೋಣೆಯಲ್ಲಿ ಆಂಟೆನಾಕ್ಕೆ ಜಾಗ ಹುಡುಕುವವರು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡಬೇಕಾಗಿಲ್ಲ, ನಾಲ್ಕು ನಾಲ್ಕು ಬೆರಳು ಸರಿಸಿ ನೋಡಿದರೆ ಸಾಕು. ಡಿಜಿಟಲ್ ಪೆಟ್ಟಿಗೆ ಚಿತ್ರ ತೋರಿಸಲು ಸ್ವಲ್ಪ ಹೊತ್ತು ತಗೊಳ್ಳುತ್ತೆ, ಆದ್ದರಿಂದ ಸರಿಸಿದ ಮೇಲೆ ಕೈಬಿಟ್ಟು ಐದಾರು ಸೆಕೆಂಡು ಕಾಯಬೇಕು. ಚಿಕ್ಕಪ್ಪ ಕಾಯುತ್ತಿರಲಿಲ್ಲ.

ಹರ್ಟ್ಸ್ ಅಲ್ಲಿಗೇ ನಿಲ್ಲಲಿಲ್ಲ. ಒಂಬತ್ತು ಮೀಟರಿನ ಅಲೆಗೆ ಹಾಲ್ ಸಾಲದು ಅನಿಸಿ, 26 ಸೆಂಟಿಮೀಟರ್ ಉದ್ದದ ಹಿತ್ತಾಳೆಯ ಸಲಾಕೆಯನ್ನು ನಡುವೆ ಕತ್ತರಿಸಿ ಹೊಸ ಕಿಡಿಯಂತ್ರ ಮಾಡಿದರು. ಇದರ ಅಲೆ ಬರೀ 66 ಸೆಂಟಿಮೀಟರ್, ಅಂದರೆ ಸೆಕೆಂಡಿಗೆ ಸುಮಾರು 45 ಕೋಟಿ ಸಲ. ಟಿ.ವಿ.ಯ ಯು.ಎಚ್.ಎಫ್. ಶುರುವಾಗುವುದೇ 47 ಕೋಟಿಗೆ! ಟಿ.ವಿ. ಹುಟ್ಟುವ ಎಷ್ಟೋ ವರ್ಷ ಮೊದಲೇ ಟಿ.ವಿ.ಯ ಅಲೆಯ ಪಕ್ಕದ ಮನೆಗೆ ಹೋಗಿ ಬಂದಿದ್ದರು.

ಈ ಚಿಕ್ಕ ಅಲೆಗಳಿಂದ ಮಾಡಿದ ಪ್ರಯೋಗಗಳು ನನಗೆ ಎಲ್ಲಕ್ಕಿಂತ ಇಷ್ಟ. 2 ಮೀಟರ್ ಎತ್ತರದ ಸತುವಿನ ತಗಡನ್ನು ಬಾಗಿಸಿ ಎರಡು ಕನ್ನಡಿ ಮಾಡಿದರು. ಒಂದರಿಂದ ಅಲೆ ಟಾರ್ಚಿನ ಬೆಳಕಿನ ಹಾಗೆ ಹೊರಟು ಇನ್ನೊಂದಕ್ಕೆ ಬೀಳುವುದು. ನಡುವೆ ಮನುಷ್ಯ ಅಡ್ಡ ಬಂದರೆ ಕಿಡಿ ಆರುತ್ತೆ, ಆಚೆ ಹೋದರೆ ಮತ್ತೆ ಹಾರುತ್ತೆ. ಮರದ ಬಾಗಿಲು ಮುಚ್ಚಿದರೂ ಅಲೆ ದಾಟಿತು, ಲೋಹದ ತಗಡು ಹಿಡಿದರೆ ನಿಂತಿತು. ಸುಮಾರು 600 ಕಿಲೋ ಗಟ್ಟಿ ಡಾಂಬರನ್ನು ಒಂದಾಳೆತ್ತರದ ಪಟ್ಟಕ ಮಾಡಿ ನಿಲ್ಲಿಸಿದರು, ಗಾಜಿನ ಪಟ್ಟಕದಲ್ಲಿ ಬೆಳಕು ಬಾಗುವಂತೆ ಅಲೆ ಬಾಗಿತು. ಆಮೇಲೆ ಒಂದು ಚೌಕಟ್ಟಿಗೆ 3 ಸೆಂಟಿಮೀಟರಿಗೊಂದರಂತೆ ತಾಮ್ರದ ತಂತಿ ಕಟ್ಟಿ ಅಡ್ಡ ಹಿಡಿದರು. ತಂತಿಗಳು ಅಡ್ಡಡ್ಡ ಇದ್ದಾಗ ಅಲೆ ಸಲೀಸಾಗಿ ದಾಟಿತು, ಅದೇ ಚೌಕಟ್ಟನ್ನು ತಿರುಗಿಸಿ ತಂತಿಗಳನ್ನು ಉದ್ದುದ್ದ ಮಾಡಿದಾಗ ನಿಂತುಹೋಯಿತು. ಅವರ ಕಿಡಿ ಸಲಾಕೆ ಉದ್ದಕ್ಕೆ ನಿಂತಿತ್ತು, ಅಲೆಯೂ ಅದೇ ದಿಕ್ಕಿಗೆ ಓಲಾಡುತ್ತಿತ್ತು. ಹಿಡಿಯುವ ಆಂಟೆನಾವನ್ನು ಅಡ್ಡ ಮಲಗಿಸಿದರೆ ಕಿಡಿ ಮಾಯ. ನಮ್ಮಪ್ಪ ಹೆಂಚಿನ ಮೇಲೆ ಕಟ್ಟಿದ ಆಂಟೆನಾದ ಕಡ್ಡಿಗಳು ಯಾಕೆ ಅಡ್ಡಡ್ಡ ಇದ್ದವು ಅಂದರೆ ಗೋಪುರದ ಅಲೆ ಅಡ್ಡ ಓಲಾಡುತ್ತಾ ಬರುತ್ತಿತ್ತು, ಅದಕ್ಕೇ. 1888ರ ಡಿಸೆಂಬರ್‌ನಲ್ಲಿ ಈ ವರದಿ ಬರ್ಲಿನ್ ಅಕಾಡೆಮಿಗೆ ಹೋಯಿತು. ಮ್ಯಾಕ್ಸ್‌ವೆಲ್ ತೀರಿಕೊಂಡು ಆಗಲೇ ಒಂಬತ್ತು ವರ್ಷ ಆಗಿತ್ತು.

ಇಲ್ಲೊಂದು ಮಾತು. ಹಳೇ ಟಿ.ವಿ.ಯಲ್ಲಿ ಅಲೆ ಕಡಿಮೆಯಾದರೆ ಚಿತ್ರದ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಆಗುತ್ತಿತ್ತು, ಗೋಡೆಗೆ ಬಡಿದು ತಡವಾಗಿ ಬಂದ ಅಲೆಯಿಂದ ಒಬ್ಬರು ಇಬ್ಬರಾಗಿ ಕಾಣುತ್ತಿದ್ದರು, ಆದರೂ ಕ್ರಿಕೆಟ್ ನೋಡಬಹುದಿತ್ತು ಅಂತಾರೆ ಅಪ್ಪ. ಡಿಜಿಟಲ್‌ನಲ್ಲಿ ಹಾಗಿಲ್ಲ. ಒಂದು ಮಟ್ಟದ ಮೇಲಿದ್ದರೆ ಪೂರ್ತಿ ಚಿತ್ರ, ಸ್ವಲ್ಪ ಕೆಳಗೆ ಬಂದರೆ ಏನೂ ಇಲ್ಲ. ಇದು ಒಂಥರಾ ಹರ್ಟ್ಸ್ ಅವರ ಕಿಡಿಯೇ: ಹಾರಿದರೆ ಹಾರಿತು, ಇಲ್ಲಾಂದರೆ ಇಲ್ಲ. ಅವರು ತಿರುಪಿನಿಂದ ಸಂದು ಹಿಗ್ಗಿಸಿ ಬಲ ಎಷ್ಟಿದೆ ಅಂತ ಅಳೆಯುತ್ತಿದ್ದರು. ನಮ್ಮ ಪೆಟ್ಟಿಗೆಯಲ್ಲಿ ಸಿಗ್ನಲ್ ಪಟ್ಟಿ ಇರುತ್ತಲ್ಲ, ಅದೇ ತಿರುಪು. ಬಲದ ಪಟ್ಟಿಗಿಂತ ಗುಣಮಟ್ಟದ ಪಟ್ಟಿ ಹೆಚ್ಚು ಮುಖ್ಯ. ಬೂಸ್ಟರ್ ಹಾಕಿದರೆ ಅಲೆಯ ಜೊತೆ ಗದ್ದಲವನ್ನೂ ಹಿಗ್ಗಿಸುತ್ತೆ, ಆಂಟೆನಾ ಹಿಡಿಯದೇ ಇದ್ದದ್ದನ್ನು ಅದು ಹುಟ್ಟಿಸಿ ಕೊಡಲಾರದು.

ಈ ಪ್ರಯೋಗಗಳಿಂದ ಹರ್ಟ್ಸ್ ಹೆಸರು ಯೂರೋಪಿನಲ್ಲೆಲ್ಲ ಹರಡಿತು. 1889ರಲ್ಲಿ ಬಾನ್ ವಿಶ್ವವಿದ್ಯಾಲಯ ಕರೆಯಿತು, ಹೋದರು. ಆ ವರ್ಷದ ಕೊನೆಯಲ್ಲಿ ಒಬ್ಬ ಎಂಜಿನಿಯರ್ ಕಾಗದ ಬರೆದು, ನಿಮ್ಮ ಅಲೆಯಿಂದ ತಂತಿ ಇಲ್ಲದೆ ಟೆಲಿಫೋನ್ ಮಾಡಬಹುದೇ ಎಂದು ಕೇಳಿದರು. ಹರ್ಟ್ಸ್ ಆಗುವುದಿಲ್ಲ ಅಂದರು. ಮನುಷ್ಯನ ಧ್ವನಿಯ ಕಂಪನ ಬಹಳ ನಿಧಾನ, ಅಷ್ಟು ನಿಧಾನದ ಅಲೆ ನೂರಾರು ಕಿಲೋಮೀಟರ್ ಉದ್ದ ಆಗುತ್ತೆ, ಅದಕ್ಕೆ ಕನ್ನಡಿ ಮಾಡಲು ಒಂದು ಖಂಡದಷ್ಟು ತಗಡು ಬೇಕು ಎಂದು ಲೆಕ್ಕ ಕೊಟ್ಟರು. ಇದನ್ನು ಓದಿ ನಗುವವರಿದ್ದಾರೆ. ನನಗೆ ನಗು ಬರಲಿಲ್ಲ. ಅವರ ಲೆಕ್ಕ ಸರಿಯಾಗಿಯೇ ಇತ್ತು. ನಿಧಾನದ ಧ್ವನಿಯನ್ನು ವೇಗದ ಅಲೆಯ ಬೆನ್ನ ಮೇಲೆ ಕೂರಿಸಿ ಕಳಿಸಬಹುದು ಎಂಬ ಉಪಾಯ ಅವರಿಗೆ ಹೊಳೆಯಲಿಲ್ಲ, ಅಷ್ಟೇ. ಇನ್ನೂ ಸ್ವಲ್ಪ ಕಾಲ ಇದ್ದಿದ್ದರೆ ಹೊಳೆಯುತ್ತಿತ್ತೇನೋ.

ಕಾಲ ಇರಲಿಲ್ಲ. 1892ರಲ್ಲಿ ಕಾಯಿಲೆ ಬಿದ್ದರು. ಮೂಗು, ಕಿವಿ, ತಲೆ ಎಲ್ಲ ನೋವು. ಆಪರೇಷನ್ ಮೇಲೆ ಆಪರೇಷನ್ ಆಯಿತು, ಪೂರ್ತಿ ವಾಸಿಯಾಗಲಿಲ್ಲ. ಆ ನೋವಿನಲ್ಲೇ ಯಂತ್ರಶಾಸ್ತ್ರದ ಮೂಲತತ್ವಗಳ ಬಗ್ಗೆ ಒಂದು ಪುಸ್ತಕ ಬರೆದು ಮುಗಿಸಿದರು. 1893ರ ಡಿಸೆಂಬರ್‌ವರೆಗೂ ಪಾಠ ಮಾಡಿದರು. 1894ರ ಜನವರಿ 1, ಹೊಸ ವರ್ಷದ ದಿನ, ಬಾನ್‌ನಲ್ಲಿ ತೀರಿಕೊಂಡರು. ಹಿರಿಯ ಮಗಳು ಯೊಹಾನಾಗೆ ಆರು ವರ್ಷ, ಕಿರಿಯವಳು ಮಟಿಲ್ಡೆಗೆ ಮೂರು ತುಂಬಿರಲಿಲ್ಲ. ಪುಸ್ತಕ ಅದೇ ವರ್ಷ ಹೊರಬಂತು, ನೋಡಲು ಅವರಿರಲಿಲ್ಲ.

ಅದೇ 1894ರಲ್ಲಿ ಇಟಲಿಯ ಹುಡುಗ ಮಾರ್ಕೋನಿ, ಹರ್ಟ್ಸ್ ತೀರಿಕೊಂಡ ಮೇಲೆ ಬಂದ ಲೇಖನ ಓದಿ, ಈ ಅಲೆಯಿಂದ ಸುದ್ದಿ ಕಳಿಸಬಹುದು ಅಂತ ಹೊರಟ. ನಮ್ಮ ದೇಶದಲ್ಲಿ ಜಗದೀಶ ಚಂದ್ರ ಬೋಸರು ಹರ್ಟ್ಸ್ ಅವರ ಕೆಲಸದ ಬಗ್ಗೆ ಓದಿ, ಒಂದು ಸೆಂಟಿಮೀಟರಿಗೂ ಚಿಕ್ಕ ಅಲೆಗಳನ್ನು ಮಾಡಿ, 1895ರಲ್ಲಿ ಕಲ್ಕತ್ತೆಯಲ್ಲಿ ಜನರ ಮುಂದೆ ತೋರಿಸಿದರು. ಎರಡೂ ಹರ್ಟ್ಸ್ ಹೋಗಿ ಎರಡು ವರ್ಷದೊಳಗೆ.

ಮನೆಯವರ ಕಥೆ ಸುಖದ್ದಲ್ಲ. ಹರ್ಟ್ಸ್ ಕ್ರೈಸ್ತರಾಗಿ ಬೆಳೆದವರು, ಆದರೆ ತಂದೆಯ ವಂಶ ಮೂಲದಲ್ಲಿ ಯಹೂದಿ. ಹಿಟ್ಲರ್ ಬಂದ ಮೇಲೆ ಅಷ್ಟೇ ಸಾಕಾಯಿತು. ಜೀವವಿಜ್ಞಾನಿಯಾಗಿದ್ದ ಮಟಿಲ್ಡೆ ಪಾಠ ಮಾಡುವ ಹಕ್ಕು ಕಳೆದುಕೊಂಡರು. 1930ರ ದಶಕದಲ್ಲಿ ತಾಯಿ, ಮಕ್ಕಳು ದೇಶ ಬಿಟ್ಟು ಇಂಗ್ಲೆಂಡಿಗೆ ಹೋದರು. ಆದರೆ ಹರ್ಟ್ಸ್ ಹೆಸರನ್ನು ಅಳಿಸಲು ಯಾರಿಂದಲೂ ಆಗಲಿಲ್ಲ. 1930ರಲ್ಲಿ ಅಂತರರಾಷ್ಟ್ರೀಯ ಸಮಿತಿ ಸೆಕೆಂಡಿಗೆ ಒಂದು ಕಂಪನಕ್ಕೆ ಹರ್ಟ್ಸ್ ಎಂದು ಹೆಸರಿಟ್ಟಿತು, 1960ರಲ್ಲಿ ಅದು ಎಲ್ಲ ದೇಶಗಳ ಅಳತೆಯ ಪಟ್ಟಿಗೂ ಸೇರಿತು. ರೇಡಿಯೋದಲ್ಲಿ ಕಿಲೋಹರ್ಟ್ಸ್, ಮೆಗಾಹರ್ಟ್ಸ್ ಅಂತ ಹೇಳುವುದು ಅವರ ಹೆಸರನ್ನೇ.

ಇದನ್ನೆಲ್ಲ ಓದಿದ ಮೇಲೆ ಅಟ್ಟ ಹತ್ತಿ ಆ ಹಳೇ ಆಂಟೆನಾ ಕೆಳಗಿಳಿಸಿದೆ. ಈ ಮೀನಿನ ಮುಳ್ಳಿನ ಮಾದರಿ ಮಾಡಿದವರು ಜಪಾನಿನ ಉಡ ಮತ್ತು ಯಾಗಿ ಎಂಬ ಇಬ್ಬರು, 1926ರಲ್ಲಿ. ಆದರೆ ಅದರಲ್ಲಿ ತಂತಿ ಜೋಡಿಸುವ ಕಡ್ಡಿ ಇದೆಯಲ್ಲ, ಅದು ಹರ್ಟ್ಸ್ ಅವರ ಸಲಾಕೆಯ ಮೊಮ್ಮಗ. ಟೇಪು ಹಿಡಿದು ಅಳೆದೆ, ಎರಡೂವರೆ ಅಡಿ ಬಂತು. ಅಲೆಯ ಅರ್ಧದಷ್ಟು ಉದ್ದ ಅಂತ ಲೆಕ್ಕ ಹಿಡಿದರೆ ಅಲೆ ಐದು ಅಡಿ, ಅಂದರೆ ಸುಮಾರು ಒಂದೂವರೆ ಮೀಟರ್. ಬೆಳಕಿನ ವೇಗವನ್ನು ಅದರಿಂದ ಭಾಗಿಸಿದರೆ 20 ಕೋಟಿ ಹರ್ಟ್ಸ್. ದೂರದರ್ಶನದ ಆ ಹಳೇ ಕಾಲದ ಗೋಪುರಗಳನ್ನು ಹಂತ ಹಂತವಾಗಿ ನಿಲ್ಲಿಸುತ್ತಾ ಬಂದು 2022ರ ಹೊತ್ತಿಗೆ ಹೆಚ್ಚಿನವನ್ನು ಮುಚ್ಚಿದ್ದಾರೆ, ಆದ್ದರಿಂದ ಈ ಕಡ್ಡಿಗೆ ಈಗ ಕೆಲಸ ಇಲ್ಲ. ಅಜ್ಜಿ ಅದನ್ನು ಹೀರೇಕಾಯಿ ಬಳ್ಳಿಗೆ ಆಸರೆ ಕೊಡೋಣ ಅಂತಿದ್ದಾರೆ. ವಿಜ್ಞಾನ ಮೇಷ್ಟ್ರು ಶಾಲೆಗೆ ತಗೊಂಡು ಬಾ ಅಂದಿದ್ದಾರೆ. ಸೋಮವಾರ ಸೈಕಲ್ಲಿಗೆ ಕಟ್ಟಿಕೊಂಡು ತರುತ್ತೇನೆ, ಅಳೆಯಬೇಕೆನ್ನುವವರು ಟೇಪು ತನ್ನಿ.

– 10ನೇ ತರಗತಿಯ ಒಬ್ಬ ವಿದ್ಯಾರ್ಥಿ